'ಮೊದಲಿಂದ ಹೀಗೇ ಮಾಡ್ತಿದ್ದೀವಿ' ಅನ್ನೋದು ಉತ್ತರ ಅಲ್ಲ: ಆಸ್ಪತ್ರೆ ನಡೆಸುವವರಿಗೆ ಒಬ್ಬ ನರ್ಸ್ ಬರೆದ ಬಹಿರಂಗ ಪತ್ರ

ಆಸ್ಪತ್ರೆಗಳ ಆಡಳಿತಾಧಿಕಾರಿಗಳಿಗೆ, ನರ್ಸಿಂಗ್ ಸೂಪರಿಂಟೆಂಡೆಂಟರಿಗೆ, ನಮಗೆ ಪಾಠ ಹೇಳಿದ ಕಾಲೇಜುಗಳಿಗೆ,

ಮಾನ್ಯರೇ,

ನಾನು 14 ವರ್ಷದಿಂದ ವಾರ್ಡಿನಲ್ಲಿ ಕೆಲಸ ಮಾಡುತ್ತಿರುವ ನರ್ಸ್. ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ, ಯಾಕಂದರೆ ಇದನ್ನು ಓದುವ ಎಷ್ಟೋ ನರ್ಸ್‌ಗಳಿಗೆ 'ಅಯ್ಯೋ, ಇದು ನಮ್ಮ ವಾರ್ಡಿನ ಕಥೆನೇ' ಅನ್ನಿಸುತ್ತದೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ. ರಾತ್ರಿ ಪಾಳಿ. ಪಾರ್ಶ್ವವಾಯು ಹೊಡೆದು ಮಲಗಿದ್ದ ಒಬ್ಬ ಅಜ್ಜ, ಮೂಗಿನಿಂದ ಹೊಟ್ಟೆಗೆ ಆಹಾರ ಕೊಡುವ ಟ್ಯೂಬನ್ನು ಕಿತ್ತುಕೊಂಡಿದ್ದರು. ಹೊಸದು ಹಾಕಿದೆ. ಕಾಲೇಜಿನಲ್ಲಿ ಹೇಳಿಕೊಟ್ಟ ಹಾಗೆ ಸಿರಿಂಜಿನಿಂದ ಟ್ಯೂಬಿಗೆ ಗಾಳಿ ಒತ್ತಿ, ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಕೇಳಿದೆ. 'ಬುಸ್' ಅಂತ ಸದ್ದು ಬಂತು. ಸೀನಿಯರ್ ಸಿಸ್ಟರ್ ಕೂಡ ಕೇಳಿ ತಲೆ ಆಡಿಸಿದರು. ಫೀಡ್ ಶುರು ಮಾಡಿದೆ. ಒಂದು ಸಿರಿಂಜ್ ಪೂರ್ತಿ ಹೋಗಿರಲಿಲ್ಲ, ಅಜ್ಜನ ಮುಖ ಕೆಂಪಾಯಿತು, ಕೆಮ್ಮೋಣ ಅಂದರೆ ಕೆಮ್ಮಲು ಶಕ್ತಿ ಇಲ್ಲ, ಬೆರಳಿಗೆ ಹಾಕಿದ್ದ ಆಕ್ಸಿಮೀಟರ್ 95ರಿಂದ 84ಕ್ಕೆ ಇಳಿಯಿತು. ಎಕ್ಸ್‌ರೇ ತೆಗೆದು ನೋಡಿದರೆ ಟ್ಯೂಬಿನ ತುದಿ ಬಲ ಶ್ವಾಸಕೋಶದಲ್ಲಿತ್ತು.

ಅಜ್ಜ ಬದುಕಿದರು. ಐಸಿಯುನಲ್ಲಿ 9 ದಿನ ಇದ್ದು ಬದುಕಿದರು.

ನನ್ನಿಂದ ವಿವರಣೆ ಬರೆಸಿಕೊಂಡರು. 'ಸದ್ದು ಸರಿಯಾಗಿ ಕೇಳಿಸಿಕೊಂಡಿಲ್ಲ' ಅಂತ ತೀರ್ಮಾನವಾಯಿತು. ನಾನೂ ಹಾಗೇ ನಂಬಿದೆ. ನಾಲ್ಕು ವರ್ಷ ನನ್ನ ಕಿವಿಯನ್ನೇ ಬೈದುಕೊಂಡೆ. ಆಮೇಲೆ ಒಂದು ದಿನ, ಬೇರೆ ಏನೋ ಹುಡುಕುತ್ತಿದ್ದಾಗ ಗೊತ್ತಾಗಿದ್ದು ಏನಂದರೆ, ಟ್ಯೂಬು ಶ್ವಾಸಕೋಶದಲ್ಲಿದ್ದರೂ ಆ ಸದ್ದು ಹೊಟ್ಟೆಯ ಮೇಲೆ ಕೇಳಿಸಬಹುದು. ತಪ್ಪು ಕಿವಿಯದ್ದಲ್ಲ, ಪರೀಕ್ಷೆಯದ್ದು. ಬ್ರಿಟನ್ನಿನ ರಾಷ್ಟ್ರೀಯ ರೋಗಿ ಸುರಕ್ಷತಾ ಸಂಸ್ಥೆ 2005ರಲ್ಲೇ ಈ ಸದ್ದನ್ನು ನಂಬಬೇಡಿ ಅಂತ ಎಚ್ಚರಿಕೆ ಕೊಟ್ಟಿತ್ತು. ಟ್ಯೂಬಿನಿಂದ ಸ್ವಲ್ಪ ದ್ರವ ಎಳೆದು, ಆಸಿಡ್ ಎಷ್ಟಿದೆ ಅಂತ ತೋರಿಸುವ ಪಿಎಚ್ ಪಟ್ಟಿಯಲ್ಲಿ ನೋಡಿ, 5.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಅಂದರೆ ಹೊಟ್ಟೆಯ ಆಸಿಡ್ ಸಿಕ್ಕಿದ್ದರೆ, ಮುಂದುವರಿಯಿರಿ, ಅನುಮಾನ ಇದ್ದರೆ ಎಕ್ಸ್‌ರೇ ತೆಗೆಸಿ. ಇಷ್ಟೇ. ಅದು ಹೊರಬಂದು ಎಷ್ಟೋ ವರ್ಷದ ಮೇಲೆ ನಾನು ಆ ಅಜ್ಜನ ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟಿದ್ದೆ. ನನ್ನ ಮೇಲೆ ಕ್ರಮ ತೆಗೆದುಕೊಂಡಿರಿ, ಸರಿ. ಆ ಪರೀಕ್ಷೆಯ ಮೇಲೆ ಯಾಕೆ ತೆಗೆದುಕೊಳ್ಳಲಿಲ್ಲ? ಮಾರನೇ ದಿನ ಬೆಳಿಗ್ಗೆ ಅದೇ ವಾರ್ಡಿನಲ್ಲಿ, ಅದೇ ಸಿರಿಂಜ್, ಅದೇ 'ಬುಸ್'.

ಈ ಪತ್ರ ಬರೆಯಲು ಇನ್ನೊಂದು ಕಾರಣ ಇದೆ. ಈಚೆಗೆ ಎಲ್ಲ ಮೀಟಿಂಗಿನಲ್ಲೂ ಒಂದು ಮಾತು ಕೇಳುತ್ತಿದ್ದೇನೆ, 'ನಮ್ಮ ನರ್ಸ್‌ಗಳಿಗೆ ಎವಿಡೆನ್ಸ್ ಬೇಸ್ಡ್ ಪ್ರಾಕ್ಟೀಸ್ ಗೊತ್ತಿಲ್ಲ'. ಅಂದರೆ ರೂಢಿಯ ಮೇಲಲ್ಲ, ಸಂಶೋಧನೆಯ ಪುರಾವೆ ನೋಡಿ ಆರೈಕೆ ಮಾಡುವುದು. ಈ ಮಾತಿನಲ್ಲಿ ಅರ್ಧ ನಿಜ ಇದೆ. ಮೊದಲು ಆ ಅರ್ಧ ಒಪ್ಪಿಕೊಂಡುಬಿಡುತ್ತೇನೆ.

ನಮ್ಮಲ್ಲಿ ಎಷ್ಟೋ ಜನ 'ಎವಿಡೆನ್ಸ್' ಅಂದರೆ ಸಹಿ ಹಾಕಿದ ಕಾಗದ ಅಂದುಕೊಂಡಿದ್ದೇವೆ. ಇನ್‌ಸ್ಪೆಕ್ಷನ್‌ಗೆ ಬಂದವರಿಗೆ ತೋರಿಸಲು ಫೈಲಿನಲ್ಲಿ ಇರಬೇಕಾದ ಸಾಕ್ಷಿ, ಅಷ್ಟೇ. ಇನ್ನು ಕೆಲವರಿಗೆ ಅದು ಎಂಎಸ್ಸಿ ಮಾಡುವವರು ಥೀಸಿಸ್‌ಗೆ ಅಂತ ಮಾಡುವ ಕೆಲಸ, ಬೌಂಡ್ ಮಾಡಿಸಿ ಲೈಬ್ರರಿಗೆ ಕೊಟ್ಟರೆ ಮುಗಿಯಿತು. ಪರೀಕ್ಷೆಗೆ ಬೇಕು ಅಂತ ಅದರ ಐದು ಹಂತಗಳನ್ನು ಬಾಯಿಪಾಠ ಮಾಡಿದವರು ನಾವು. ಕೇಳು, ಹುಡುಕು, ತೂಗಿ ನೋಡು, ಬಳಸು, ಫಲ ನೋಡು. ಈಗಲೂ ನಿದ್ದೆಗಣ್ಣಿನಲ್ಲಿ ಹೇಳುತ್ತೇವೆ. ಆದರೆ ನಮ್ಮದೇ ರೋಗಿಯ ಬಗ್ಗೆ ಅಂಥ ಒಂದು ಪ್ರಶ್ನೆಯನ್ನು ಎಷ್ಟು ಜನ ಕೇಳಿದ್ದೇವೆ?

ಇನ್ನೊಂದು ನಾಚಿಕೆಯ ವಿಷಯ. ಯಾವುದಾದರೂ ವಾರ್ಡಿಗೆ ಹೋಗಿ ಚಾರ್ಟ್ ತೆರೆಯಿರಿ. ಉಸಿರಾಟದ ಸಂಖ್ಯೆ ನೋಡಿ. 20. ಪಕ್ಕದ ಹಾಸಿಗೆ, 20. ನ್ಯುಮೋನಿಯಾ ಆದವರು 20, ನಾಳೆ ಮನೆಗೆ ಹೋಗುವವರು 20. ಇಡೀ ವಾರ್ಡು ಒಂದೇ ತಾಳಕ್ಕೆ ಉಸಿರಾಡುತ್ತಿದೆ ಅಲ್ವಾ? ರೋಗಿ ಹದಗೆಡುವ ಮೊದಲು ಎಲ್ಲಕ್ಕಿಂತ ಬೇಗ ಬದಲಾಗುವ ಗುರುತುಗಳಲ್ಲಿ ಉಸಿರಾಟದ ವೇಗ ಒಂದು ಅಂತ ನಮಗೆ ಗೊತ್ತು. ಅದನ್ನು ಎಣಿಸಲು ಯಂತ್ರ ಬೇಡ, ಗಡಿಯಾರ ಮತ್ತು ಒಂದು ನಿಮಿಷ ಸಾಕು. ಆ ನಿಮಿಷವನ್ನು ನಾವು ಕೊಡಲಿಲ್ಲ. ನಾನೂ 20 ಬರೆದಿದ್ದೇನೆ. ಇದಕ್ಕೆ ಆಡಳಿತವನ್ನು ಬೈಯುವುದಿಲ್ಲ.

ಇನ್ನುಳಿದ ಅರ್ಧ ನಿಮ್ಮದು.

ಆಪರೇಷನ್‌ಗೆ ಮೊದಲು 'ರಾತ್ರಿ 12ರಿಂದ ಏನೂ ಕೊಡಬೇಡಿ' ಅಂತ ಬೋರ್ಡ್ ತೂಗುಹಾಕುತ್ತೇವಲ್ಲ, ಅದನ್ನೇ ತಗೊಳ್ಳಿ. ಒಬ್ಬ ಮಧ್ಯವಯಸ್ಸಿನ ಹೆಂಗಸು, ಗಾಲ್ ಬ್ಲಾಡರ್ ಆಪರೇಷನ್. ಮೊದಲ ಕೇಸ್ ಅಂದರು, ಆಮೇಲೆ ಮೂರನೆಯದು ಅಂದರು, ಕೊನೆಗೆ ಥಿಯೇಟರಿಗೆ ಕರೆದಿದ್ದು ಮಧ್ಯಾಹ್ನ ಎರಡೂವರೆಗೆ. 14 ಗಂಟೆಗೂ ಜಾಸ್ತಿ ಹೊತ್ತು ಒಂದು ಹನಿ ನೀರಿಲ್ಲ. ಅವರ ನಾಲಿಗೆ ಬಾಯಿಯ ಮೇಲಿನ ಅಂಗುಳಕ್ಕೆ ಅಂಟಿಕೊಂಡು ಮಾತು ತೊದಲುತ್ತಿತ್ತು. ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ ಒದ್ದೆ ಮಾಡಿ ತುಟಿ ಒರೆಸಿದೆ. ಅವರು ಆ ಬಟ್ಟೆಯನ್ನೇ ಹಲ್ಲಿನಲ್ಲಿ ಕಚ್ಚಿ ಹೀರಿದರು. ಕಿತ್ತುಕೊಳ್ಳಬೇಕಾಯಿತು.

ಅಮೆರಿಕದ ಅರಿವಳಿಕೆ ತಜ್ಞರ ಸಂಘ 1999ರಲ್ಲೇ ಹೇಳಿತ್ತು: ಆರೋಗ್ಯವಾಗಿರುವವರಿಗೆ, ಮೊದಲೇ ದಿನ ಗೊತ್ತುಮಾಡಿದ ಆಪರೇಷನ್ ಆದರೆ, ಅರಿವಳಿಕೆಗೆ 2 ಗಂಟೆ ಮುಂಚಿನವರೆಗೂ ನೀರು ಕೊಡಬಹುದು. ಹಗುರವಾದ ಊಟಕ್ಕೆ 6 ಗಂಟೆ ಅಂತರ ಸಾಕು. ತುರ್ತು ಕೇಸ್, ಹೊಟ್ಟೆ ನಿಧಾನವಾಗಿ ಖಾಲಿಯಾಗುವ ತೊಂದರೆ ಇರುವವರು, ಅಂಥವರಿಗೆ ಬೇರೆ ಲೆಕ್ಕ. ಆ ಹೆಂಗಸಿಗೆ ಅದ್ಯಾವುದೂ ಇರಲಿಲ್ಲ. ಬೆಳಿಗ್ಗೆ ಏಳಕ್ಕೇ ನಾನು ಕೇಳಿದ್ದೆ, 'ಇವರು ಮೂರನೇ ಕೇಸ್ ಅಲ್ವಾ ಡಾಕ್ಟ್ರೇ, ಒಂದು ಲೋಟ ನೀರು ಕೊಡ್ಲಾ?' ಉತ್ತರ ಬಂತು: 'ಸಿಸ್ಟರ್, ಅದೆಲ್ಲ ಪುಸ್ತಕದಲ್ಲಿ. ನಮ್ಮಲ್ಲಿ ಹೀಗೇ.' ನೋಡಿ, ಇಲ್ಲಿ ನರ್ಸ್‌ಗೆ ಗೊತ್ತಿತ್ತು. ಗೊತ್ತಿದ್ದು ಏನು ಬಂತು? ಗೊತ್ತಿಲ್ಲದಿದ್ದರೆ ಆ ದಿನ ನನಗೆ ಸ್ವಲ್ಪ ನೆಮ್ಮದಿಯಾದರೂ ಇರುತ್ತಿತ್ತು.

ಇಂಥವು ಇನ್ನೂ ಎಷ್ಟೋ ಇವೆ. ಆಪರೇಷನ್ ಜಾಗದ ಕೂದಲನ್ನು ರೇಜರಿನಿಂದ ಬೋಳಿಸಿದರೆ ಚರ್ಮ ಗೀಚಿ ಸೋಂಕು ಜಾಸ್ತಿ ಆಗುತ್ತದೆ, ತೆಗೆಯಲೇಬೇಕು ಅಂದರೆ ಚರ್ಮಕ್ಕೆ ತಾಗದ ಹಾಗೆ ಕತ್ತರಿಸುವ ಕ್ಲಿಪ್ಪರ್ ಬಳಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿತು. ನಮ್ಮ ಟ್ರಾಲಿಯಲ್ಲಿ ಈಗಲೂ ರೇಜರ್. ಮಲಗಿದಲ್ಲೇ ಇರುವವರ ಬೆನ್ನು ಕೆಂಪಾದರೆ ಸ್ಪಿರಿಟ್ ಹಚ್ಚಿ ತಿಕ್ಕುತ್ತೇವೆ. ತಿಕ್ಕಿದರೆ ಒಳಗಿನ ಅಂಗಾಂಶಕ್ಕೆ ಇನ್ನಷ್ಟು ಪೆಟ್ಟು, ಸ್ಪಿರಿಟ್ಟಿನಿಂದ ಚರ್ಮ ಇನ್ನಷ್ಟು ಒಣಗುತ್ತದೆ. ನನ್ನ ಮೊದಲ ಸೀನಿಯರ್ ಇದನ್ನು ಎಷ್ಟು ಪ್ರೀತಿಯಿಂದ ಕಲಿಸಿದರು ಅಂದರೆ, ಅದು ತಪ್ಪು ಅಂತ ಗೊತ್ತಾದ ಮೇಲೂ ಕೈ ತಾನಾಗಿ ಸ್ಪಿರಿಟ್ ಬಾಟಲಿಯ ಕಡೆಗೇ ಹೋಗುತ್ತಿತ್ತು. ಕೈಗೆ ಕಲಿತದ್ದನ್ನು ಮರೆಸುವುದು ಕಷ್ಟ. ಒಂದು ಸರ್ಕ್ಯುಲರ್ ಹೊರಡಿಸಿದರೆ ಆಗುವ ಕೆಲಸ ಅದಲ್ಲ.

ಪುರಾವೆ ಅಂದರೆ ಕಲ್ಲಿನ ಮೇಲೆ ಕೆತ್ತಿದ ಶಾಸನ ಅಲ್ಲ ಅನ್ನುವುದೂ ನನಗೆ ಗೊತ್ತು. ಡ್ರಿಪ್ ಕೊಡಲು ಕೈಯ ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ, ಐವಿ ಕ್ಯಾನುಲಾ ವಿಷಯ ನೋಡಿ. ಮೂರು ನಾಲ್ಕು ದಿನಕ್ಕೊಮ್ಮೆ ಚೆನ್ನಾಗಿದ್ದರೂ ಕಿತ್ತು ಹೊಸದು ಚುಚ್ಚಬೇಕು ಅನ್ನುವುದು ಹಳೇ ನಿಯಮ. 2012ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ 3,283 ರೋಗಿಗಳ ಅಧ್ಯಯನ ಬಂತು. ನಿಯಮದಂತೆ ಬದಲಿಸಿದವರಲ್ಲೂ ಅಗತ್ಯ ಬಿದ್ದಾಗ ಮಾತ್ರ ಬದಲಿಸಿದವರಲ್ಲೂ ರಕ್ತನಾಳದ ಉರಿಯೂತ ಒಂದೇ ಸಮ, 7%. ಅದರ ಮುಂದಾಳು ಒಬ್ಬ ನರ್ಸ್, ಇದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇನೆ. ಸರಿ, ಇನ್ನು ಸುಮ್ನೆ ಚುಚ್ಚುವುದು ಬೇಡ ಅಂದುಕೊಳ್ಳುವಷ್ಟರಲ್ಲಿ, 2021ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ದೊಡ್ಡ ಆಸ್ಪತ್ರೆಯ ವರದಿ ಬಂತು. ಅಗತ್ಯ ಬಿದ್ದಾಗ ಮಾತ್ರ ಬದಲಿಸುವ ಪದ್ಧತಿಗೆ ಹೋದ ಮೇಲೆ ಅವರಲ್ಲಿ ರಕ್ತದ ಸೋಂಕು ಹೆಚ್ಚಾಯಿತು, ಅವರು ಹಳೇ ನಿಯಮಕ್ಕೆ ವಾಪಸ್ ಹೋದರು. ಇದನ್ನು ಓದಿ ನನ್ನ ಸಹೋದ್ಯೋಗಿ ನಕ್ಕಳು, 'ನೋಡು, ಇವರಿಗೇ ಗೊತ್ತಿಲ್ಲ.' ನನಗೆ ಹಾಗನ್ನಿಸಲಿಲ್ಲ. ಅವರು ಎಣಿಸುತ್ತಿದ್ದರು. ಎಣಿಸಿದ್ದಕ್ಕೇ ತಪ್ಪಿದ್ದು ಕಂಡಿತು, ಕಂಡಿದ್ದಕ್ಕೇ ತಿದ್ದಿಕೊಂಡರು. ನಮ್ಮ ವಾರ್ಡಿನಲ್ಲಿ ಕಳೆದ ತಿಂಗಳು ಎಷ್ಟು ಕ್ಯಾನುಲಾ ಊದಿಕೊಂಡವು ಅಂತ ಯಾರಾದರೂ ನನ್ನನ್ನು ಕೇಳಿದರೆ ನನ್ನ ಬಳಿ ಉತ್ತರ ಇಲ್ಲ. ನಿಮ್ಮ ಬಳಿ ಇದ್ದರೆ ನಮಗೆ ಯಾವತ್ತೂ ತೋರಿಸಿಲ್ಲ.

ಎಣಿಸುವುದು ನಮಗೆ ಹೊರಗಿನ ವಿದ್ಯೆ ಏನಲ್ಲ. ಪ್ರತಿ ವರ್ಷ ನರ್ಸ್‌ಗಳ ದಿನದಂದು ನೀವು ದೀಪ ಹಿಡಿಸಿ ನೆನೆಯುವ ಫ್ಲಾರೆನ್ಸ್ ನೈಟಿಂಗೇಲ್, ಕ್ರಿಮಿಯಾ ಯುದ್ಧದಿಂದ ಬಂದ ಮೇಲೆ ಮಾಡಿದ ಕೆಲಸ ಏನು? ಸತ್ತವರನ್ನು ಎಣಿಸಿದರು. ಗಾಯದಿಂದ ಸತ್ತವರಿಗಿಂತ ತಡೆಯಬಹುದಾಗಿದ್ದ ಕಾಯಿಲೆಯಿಂದ ಸತ್ತ ಸೈನಿಕರೇ ಜಾಸ್ತಿ ಅಂತ 1858ರಲ್ಲಿ ಚಿತ್ರ ಬರೆದು ತೋರಿಸಿದರು. ಅದೇ ವರ್ಷ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಅವರನ್ನು ಸದಸ್ಯೆ ಮಾಡಿಕೊಂಡಿತು. ಆ ಸಂಘದ ಮೊದಲ ಮಹಿಳಾ ಸದಸ್ಯೆ. ದೀಪ ನಮ್ಮ ಕೈಗೆ ಕೊಟ್ಟಿರಿ, ಲೆಕ್ಕದ ಪುಸ್ತಕ ನಿಮ್ಮ ಹತ್ತಿರವೇ ಇಟ್ಟುಕೊಂಡಿರಿ.

ಇನ್ನೊಂದು ಮಾತು, ಸ್ವಲ್ಪ ಉದ್ದವಾದರೂ ಹೇಳಲೇಬೇಕು. ಪುರಾವೆ ಆಧಾರಿತ ಆರೈಕೆ ಅಂದ ತಕ್ಷಣ ಕೆಲವರು ಅದನ್ನು ಹೊಸ ಬೆತ್ತ ಮಾಡಿಕೊಳ್ಳುತ್ತಾರೆ. ಚೆಕ್‌ಲಿಸ್ಟಿನಲ್ಲಿ ಇದೆ, ಮಾಡು. 1996ರಲ್ಲಿ ಡಾಕ್ಟರ್ ಡೇವಿಡ್ ಸ್ಯಾಕೆಟ್ ಮತ್ತು ಜೊತೆಯವರು ಈ ಪದ್ಧತಿಯನ್ನು ವಿವರಿಸಿ ಬರೆದಾಗ, ಸಂಶೋಧನೆಯ ಪುರಾವೆಯ ಜೊತೆ ಕೆಲಸ ಮಾಡುವವರ ಅನುಭವವೂ ರೋಗಿಯ ಇಷ್ಟವೂ ಸೇರಬೇಕು ಅಂತಲೇ ಬರೆದಿದ್ದರು. ನಮ್ಮ ವಾರ್ಡಿನಲ್ಲಿ ಕೊನೆಯ ಹಂತದ ಕ್ಯಾನ್ಸರ್ ಇದ್ದ ಒಬ್ಬರಿದ್ದರು. ಬೆಡ್ ಸೋರ್ ಆಗದಿರಲಿ ಅಂತ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಚಾರ್ಟ್ ಅವರ ಕಾಲ ಬಳಿ ತೂಗುತ್ತಿತ್ತು. ಪ್ರತಿ ಸಲ ತಿರುಗಿಸಿದಾಗಲೂ ಅವರು ಕಣ್ಣು ಗಟ್ಟಿಯಾಗಿ ಮುಚ್ಚಿ ಮಂಚದ ಕಂಬಿ ಹಿಡಿಯುತ್ತಿದ್ದರು. ಒಂದು ರಾತ್ರಿ ಹೇಳಿದರು, 'ಇವತ್ತು ಬಿಟ್ಟುಬಿಡಮ್ಮ, ಮಲಗ್ತೀನಿ.' ಬಿಟ್ಟೆ. ಡಾಕ್ಟರ್ ಜೊತೆ ಮಾತಾಡಿ, ಮನೆಯವರಿಗೂ ಹೇಳಿ, ಯಾಕೆ ಬಿಟ್ಟೆ ಅಂತ ಚಾರ್ಟಿನಲ್ಲಿ ಬರೆದೆ. ಅವರು ಬೆಳಗಿನವರೆಗೂ ನಿದ್ದೆ ಮಾಡಿದರು. ಆಡಿಟ್ಟಿಗೆ ಬಂದವರು ಆ ರಾತ್ರಿಯ ಖಾಲಿ ಚೌಕಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದರು. ಕೆಳಗೆ ನಾನು ಬರೆದಿದ್ದನ್ನು ಓದಲಿಲ್ಲ.

ಈಗ ನನ್ನ ಬೇಡಿಕೆಗೆ ಬರುತ್ತೇನೆ. ದೊಡ್ಡದೇನೂ ಇಲ್ಲ.

ಮೊದಲನೆಯದು ತೀರಾ ಚಿಕ್ಕದು, ಪಿಎಚ್ ಪಟ್ಟಿ. ಪ್ರತಿ ವಾರ್ಡಿನ ಟ್ರಾಲಿಯಲ್ಲೂ ಇರಲಿ. ಸ್ಟೋರಿಗೆ ಇಂಡೆಂಟ್ (ಬೇಡಿಕೆ ಚೀಟಿ) ಹಾಕಿದಾಗಲೆಲ್ಲ 'ಸ್ಟಾಕ್ ಇಲ್ಲ' ಅಂತ ವಾಪಸ್ ಬರುವುದು ನಿಲ್ಲಲಿ. ಆಸಿಡ್ ಕಡಿಮೆ ಮಾಡುವ ಔಷಧಿ ತಗೊಳ್ಳುವವರಲ್ಲಿ ಪಟ್ಟಿ ಹೆಚ್ಚು ಸಂಖ್ಯೆ ತೋರಿಸಬಹುದು, ಆಗ ರಾತ್ರಿ ಎರಡು ಗಂಟೆಯಾದರೂ ಎಕ್ಸ್‌ರೇ ಕೇಳಿದ ನರ್ಸ್‌ಗೆ ಯಾರೂ ಗೊಣಗಬಾರದು. ಒಳ್ಳೆಯ ಆರೈಕೆಯ ಬಗ್ಗೆ ಭಾಷಣ ಮಾಡಿ, ಅದಕ್ಕೆ ಬೇಕಾದ ಸಾಮಾನು ಕೊಡದಿದ್ದರೆ ನಾವು ಏನು ಮಾಡಬೇಕು ಹೇಳಿ.

ಎರಡನೆಯದು ಸಮಯ. ವಾರಕ್ಕೆ ಅರ್ಧ ಗಂಟೆ, ಪಾಳಿಯ ಒಳಗೇ, ಸಂಬಳದ ಸಮಯದಲ್ಲೇ. ರಜೆಯ ದಿನ ಕರೆಸಿ, ಎಸಿ ಹಾಲಿನಲ್ಲಿ ಕೂರಿಸಿ, 80 ಸ್ಲೈಡ್ ತೋರಿಸಿ, ಸರ್ಟಿಫಿಕೇಟ್ ಹಂಚಿ ಫೋಟೋ ತೆಗೆಯುವ ಕಾರ್ಯಾಗಾರ ಬೇಡ. ಅಂಥ ಸರ್ಟಿಫಿಕೇಟ್ ನನ್ನ ಹತ್ತಿರ 11 ಇವೆ. ಅದರ ಬದಲು ನಮ್ಮದೇ ವಾರ್ಡಿನ ಒಂದು ಪ್ರಶ್ನೆ ತಗೊಂಡು, ಅದರ ಬಗ್ಗೆ ಏನೇನು ಗೊತ್ತಾಗಿದೆ ಅಂತ ಹುಡುಕಿ ಓದೋಣ. ಓದಲು ಬೇಕಾದ ಜರ್ನಲ್‌ಗಳು ಡಾಕ್ಟರುಗಳ ಲಾಗಿನ್ನಿನಲ್ಲಿ ಮಾತ್ರ ತೆರೆಯುತ್ತವೆ, ನಮಗೂ ಒಂದು ಲಾಗಿನ್ ಕೊಡಿ. ಓದಿದ್ದನ್ನು ತೂಗಿ ನೋಡುವುದು ನಮಗೆ ಸರಿಯಾಗಿ ಬರುವುದಿಲ್ಲ. ಅಂಕಿ ಅಂಶ ಅಂದರೆ ಇವತ್ತಿಗೂ ನನಗೆ ಹೊಟ್ಟೆಯಲ್ಲಿ ಸಂಕಟ. ಕಾಲೇಜಿನವರೇ, ಇಲ್ಲಿ ನಿಮ್ಮ ಸಹಾಯ ಬೇಕು. ಕ್ಲಾಸ್ ರೂಮಿನಿಂದ ಎದ್ದು ಬಂದು ವಾರ್ಡಿನಲ್ಲಿ ನಮ್ಮ ಪಕ್ಕ ಕೂತು ಹೇಳಿಕೊಡಿ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ಇದೆ. ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು ಅನ್ನುವುದೂ ಪುರಾವೆಯ ವಿಷಯವೇ. ನರ್ಸಿಂಗ್ ಸಂಶೋಧಕಿ ಲಿಂಡಾ ಐಕೆನ್ ಮತ್ತು ತಂಡ 2002ರಲ್ಲಿ ಅಮೆರಿಕದಲ್ಲಿ, ಆಮೇಲೆ 2014ರಲ್ಲಿ ಯುರೋಪಿನ 9 ದೇಶಗಳಲ್ಲಿ ಆಪರೇಷನ್ ಆದ ರೋಗಿಗಳನ್ನು ನೋಡಿದರು. ಎರಡು ಸಲವೂ ಕಂಡಿದ್ದು ಒಂದೇ: ನರ್ಸ್ ತಲೆಯ ಮೇಲೆ ಒಬ್ಬ ರೋಗಿ ಹೆಚ್ಚಾದರೆ, 30 ದಿನದೊಳಗೆ ಸಾಯುವ ಸಾಧ್ಯತೆ ಸುಮಾರು 7% ಹೆಚ್ಚು. ಹಾಸಿಗೆ ಪಕ್ಕದ ಪುರಾವೆಯನ್ನು ನರ್ಸ್‌ಗಳು ಪಾಲಿಸಬೇಕು, ಮ್ಯಾನೇಜರ್ ಕೋಣೆಯ ಪುರಾವೆಯನ್ನು ಯಾರೂ ಪಾಲಿಸಬೇಕಿಲ್ಲ ಅಂದರೆ ಹೇಗೆ? ಮೊದಲು ಹೇಳಿದ ಆ 20ರ ಕಥೆಯಲ್ಲಿ ನಮ್ಮ ತಪ್ಪು ಇದೆ, ಒಪ್ಪಿದೆ. ಆದರೆ ರಾತ್ರಿ ಒಬ್ಬಳೇ 30 ಜನರನ್ನು ನೋಡುವಾಗ, ಬರೀ ಉಸಿರು ಎಣಿಸಲಿಕ್ಕೇ 30 ನಿಮಿಷ ಬೇಕು. ಲೆಕ್ಕ ಹಾಕಿ ನೋಡಿ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. 'ನಿಲ್ಲಿ' ಅನ್ನುವ ಅಧಿಕಾರ. ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ನಡೆದ ಕೆಲಸದ ವರದಿ 2006ರಲ್ಲಿ ಬಂತು. ದೊಡ್ಡ ರಕ್ತನಾಳಕ್ಕೆ ಲೈನ್ (ಕೊಳವೆ) ಹಾಕುವಾಗ ಪಾಲಿಸಬೇಕಾದ ಐದೇ ಸಂಗತಿ: ಕೈ ತೊಳೆಯಿರಿ, ಚರ್ಮಕ್ಕೆ ಕ್ರಿಮಿನಾಶಕ ಕ್ಲೋರ್‌ಹೆಕ್ಸಿಡಿನ್ ಹಚ್ಚಿ, ಮೈತುಂಬ ಸ್ಟೆರೈಲ್ ಹೊದಿಕೆ ಬಳಸಿ, ತೊಡೆಸಂದಿಯ ಜಾಗ ಆದಷ್ಟು ಬಿಡಿ, ಬೇಡವಾದ ಲೈನ್ ತೆಗೆಯಿರಿ. ಇದರಲ್ಲಿ ಹೊಸ ಔಷಧಿ ಇಲ್ಲ, ಹೊಸ ಯಂತ್ರ ಇಲ್ಲ. ಒಂದೂವರೆ ವರ್ಷದಲ್ಲಿ ಲೈನ್‌ನಿಂದ ಬರುವ ರಕ್ತದ ಸೋಂಕು ಮೊದಲಿಗಿಂತ 66% ವರೆಗೂ ಕಡಿಮೆಯಾಯಿತು. ಎಲ್ಲರೂ ಆ ಐದು ಸಂಗತಿಯನ್ನು ಹೇಳುತ್ತಾರೆ, ನಮ್ಮ ಗೋಡೆಯ ಮೇಲೂ ಅಂಟಿಸಿದ್ದಾರೆ. ಗೋಡೆಗೆ ಅಂಟಿಸದೇ ಬಿಟ್ಟಿದ್ದು ಇನ್ನೊಂದಿದೆ. ಡಾಕ್ಟರ್ ಒಂದು ಹೆಜ್ಜೆ ತಪ್ಪಿಸಿದರೆ, ತುರ್ತು ಅಲ್ಲದಿದ್ದಾಗ, ನರ್ಸ್ ಅಲ್ಲೇ ತಡೆಯಬಹುದಿತ್ತು, ಆಡಳಿತ ಅವಳ ಬೆನ್ನಿಗೆ ನಿಂತಿತ್ತು. ನಮ್ಮಲ್ಲಿ ಕಳೆದ ವರ್ಷ ಒಬ್ಬ ಹುಡುಗಿ, ಸೇರಿ ಆರು ತಿಂಗಳಾಗಿತ್ತು, 'ಸರ್, ಗ್ಲೌಸ್ ಮಂಚಕ್ಕೆ ತಾಗ್ತು' ಅಂದಳು. ಎಲ್ಲರ ಮುಂದೆ ಬೈಸಿಕೊಂಡಳು. ಆಮೇಲೆ ಅವಳು ಯಾವತ್ತೂ ಬಾಯಿ ಬಿಟ್ಟಿದ್ದು ನಾನು ನೋಡಿಲ್ಲ. ಅವಳಿಗೆ ಪುರಾವೆ ಗೊತ್ತಿಲ್ಲ ಅಂತ ನಾಳೆ ಯಾರಾದರೂ ಮೀಟಿಂಗಿನಲ್ಲಿ ಹೇಳಬಹುದು.

ಡಾಕ್ಟರುಗಳ ವಿರುದ್ಧ ಈ ಪತ್ರ ಬರೆಯುತ್ತಿಲ್ಲ. ಪಿಎಚ್ ಪಟ್ಟಿಯ ವಿಷಯ ಹೇಳಿದಾಗ ತನ್ನ ಕೈಯಿಂದ ದುಡ್ಡು ಹಾಕಿ ಒಂದು ಡಬ್ಬಿ ತಂದುಕೊಟ್ಟವರು ಒಬ್ಬ ಜೂನಿಯರ್ ಡಾಕ್ಟರೇ. ಆ ಡಬ್ಬಿ ಎರಡು ತಿಂಗಳಲ್ಲಿ ಖಾಲಿಯಾಯಿತು.

ಕೊನೆಯದಾಗಿ, ವಾರ್ಡಿನ ನಿಯಮ ಬರೆಯುವ ಸಮಿತಿಯಲ್ಲಿ ಪಾಳಿ ಮಾಡುವ ನರ್ಸ್‌ಗಳೂ ಇರಲಿ. ಪ್ರತಿ ನಿಯಮದ ಕೆಳಗೆ ಎರಡು ಸಾಲು ಸೇರಿಸಿ: ಇದನ್ನು ಯಾಕೆ ಮಾಡುತ್ತೇವೆ, ಮತ್ತೆ ಯಾವಾಗ ಪರಿಶೀಲಿಸುತ್ತೇವೆ. 'ಯಾಕೆ' ಅನ್ನುವುದಕ್ಕೆ ಬರೆಯಲು ಏನೂ ಸಿಗದಿದ್ದರೆ ಆ ನಿಯಮವನ್ನು ಪಕ್ಕಕ್ಕಿಟ್ಟು ಚರ್ಚೆ ಮಾಡೋಣ. ಜೊತೆಗೆ ಪ್ರತಿ ತಿಂಗಳು ನಮ್ಮ ವಾರ್ಡಿನ ಸೋಂಕು, ಬೆಡ್ ಸೋರ್, ಬಿದ್ದವರ ಸಂಖ್ಯೆ ನಮಗೇ ತೋರಿಸಿ. ಬೈಯಲಿಕ್ಕೆ ಅಂತ ಬೇಡ, ನೋಡಲಿಕ್ಕೆ.

ಈ ಎಲ್ಲಕ್ಕೂ ಒಟ್ಟಿಗೆ ಉತ್ತರ ಬರುತ್ತದೆ ಅಂತ ನಾನು ಕಾಯುತ್ತಿಲ್ಲ. ಸದ್ಯಕ್ಕೆ ಒಂದಕ್ಕೆ ಉತ್ತರ ಕೊಡಿ. ನಮ್ಮ ವಾರ್ಡಿನ ಪ್ರೊಸೀಜರ್ ಪುಸ್ತಕದಲ್ಲಿ ಮೂಗಿನ ಟ್ಯೂಬಿನ ಪುಟ ಇದೆ. ನಾಲ್ಕನೇ ಹಂತದಲ್ಲಿ ಇವತ್ತಿಗೂ 'ಗಾಳಿ ಒತ್ತಿ ಸದ್ದು ಕೇಳಿ ಖಚಿತಪಡಿಸಿಕೊಳ್ಳಿ' ಅಂತಲೇ ಇದೆ. ಆ ಸಾಲನ್ನು ಹೊಡೆದು ಹಾಕಲು ಯಾರ ಸಹಿ ಬೇಕು? ಹೆಸರು ಹೇಳಿ, ನಾಳೆ ನೈಟ್ ಡ್ಯೂಟಿ ಮುಗಿಸಿ ನಾನೇ ಪುಸ್ತಕ ಹಿಡಿದುಕೊಂಡು ಬರುತ್ತೇನೆ.

ಇಂತಿ,
ವಾರ್ಡಿನ ಒಬ್ಬ ಸ್ಟಾಫ್ ನರ್ಸ್